ನಕ್ಕರೆ ನೆಲ ಹಿಡಿಯುತ್ತಿದ್ದ ಅಣ್ಣಪ್ಪ

ಕೊಣ್ಣೂರ ಸುತ್ತ ಗಾಣ ಹೂಡಿದ ದಿನಗಳಲ್ಲಿ, ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು "ಇಳಸ್ರಿ" ಅನ್ನುವ ಹಕ್ಕು ಒಬ್ಬನಿಗೇ ಇರುತ್ತದೆ. ಗಾಣದ ಮಾಲಕ ಬಂದು ನಿಂತರೂ ಆ ಮಾತು ಆಡುವ ಹಾಗಿಲ್ಲ. ಕಬ್ಬಿನ ಹಾಲು ಕುದ್ದು ಕುದ್ದು ಪಾಕವಾಗುತ್ತ ಬಂದಾಗ ಹದ ನೋಡುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ತುಸು ಮೊದಲು ಇಳಿಸಿದರೆ ಬೆಲ್ಲ ಮಳೆಗಾಲದಲ್ಲಿ ಬೆವರುತ್ತದೆ. ತುಸು ತಡವಾದರೆ ಕರಿಬೀಳುತ್ತದೆ, ಪೇಟೆಯಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ನನ್ನ ತಂಗಿ ಕಾಶೆವ್ವನ ಗಂಡ ಅಣ್ಣಪ್ಪ ಅಂಥ ಹದ ನೋಡುವವ. ಮೂಡಲಗಿಯಲ್ಲಿ ಹುಟ್ಟಿದ, ಅಲ್ಲೇ ಸೋದರಮಾವನ ಕೈಕೆಳಗೆ ಹದ ಕಲಿತ, ಮದುವೆಗೆ ಮುಂಚೆಯೇ ಕೊಣ್ಣೂರಿಗೆ ಬಂದು ನೆಲೆನಿಂತ. ಗೋಕಾಕದ ಕರದಂಟಿನವರು ಅವನು ಇಳಿಸಿದ ಬೆಲ್ಲವನ್ನು ಒಂದು ಚೂರು ನಾಲಿಗೆಗೆ ಹಚ್ಚಿ, "ಇದು ಅಣ್ಣಪ್ಪನ ಕೈದು" ಅಂತ ಬಾಜೂ ಎತ್ತಿಡುತ್ತಿದ್ದರು. ಇದನ್ನು ನಾನು ಯಾರೋ ಹೇಳಿದ್ದು ಕೇಳಿ ಬರೆಯುತ್ತಿಲ್ಲ, ಎದುರಿಗೆ ನಿಂತು ನೋಡಿದ್ದೇನೆ.

ಅಂಥವನನ್ನು ಕುಡುಕ ಅಂದರು. ಕೊರಳಲ್ಲಿ ಲಿಂಗ ಕಟ್ಟಿದ, ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯನನ್ನು! ಈಗ ನೆನೆಸಿಕೊಂಡರೂ ನನ್ನ ಮೈ ಉರಿಯುತ್ತದೆ. ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಆದರೂ ಇದನ್ನು ಬರೆಯಲಿಕ್ಕೆ ಕುಳಿತದ್ದು ಯಾಕೆಂದರೆ, ಅಣ್ಣಪ್ಪನಿಗೆ ಇದ್ದ ರೋಗ ಇನ್ನೂ ಎಷ್ಟೋ ಮಂದಿಗೆ ಇರಬಹುದು, ಅವರನ್ನೂ ಯಾರೋ ಮೈಗಳ್ಳ, ಕುಡುಕ, ದೆವ್ವ ಬಡಿದವ ಅನ್ನುತ್ತಿರಬಹುದು.

ಅದು ಶುರುವಾದದ್ದು ಅವನ ಇಪ್ಪತ್ತರ ಆಸುಪಾಸಿಗೆ. ಊಟಕ್ಕೆ ಕುಳಿತವನು ತುತ್ತು ಕೈಯಲ್ಲಿ ಹಿಡಿದ ಹಾಗೆಯೇ ನಿದ್ದೆ ಹೋಗುತ್ತಿದ್ದ. ಬಂಡಿ ಹೊಡೆಯುತ್ತ ನಿದ್ದೆ. ಎತ್ತುಗಳಿಗೆ ದಾರಿ ಗೊತ್ತಿತ್ತು, ಮನೆ ಮುಟ್ಟಿಸುತ್ತಿದ್ದವು. ಮದುವೆಯಲ್ಲಿ ಅಯ್ಯನವರು ಮಂತ್ರ ಹೇಳುತ್ತಿದ್ದರೆ ಇವನು ಬಾಸಿಂಗ ಕಟ್ಟಿಕೊಂಡೇ ತೂಕಡಿಸಿದ. ಹೆಣ್ಣಿನ ಕಡೆಯವರಾದ ನಾವು "ಪಾಪ, ನಿದ್ದಿಗೆಟ್ಟಾನ" ಅಂದುಕೊಂಡೆವು. ಹಾಗಂತ ರಾತ್ರಿ ಸುಖನಿದ್ದೆ ಇತ್ತೆ? ಅದೂ ಇಲ್ಲ. ಮೇಲಿಂದ ಮೇಲೆ ಎಚ್ಚರ. ಒಮ್ಮೊಮ್ಮೆ ಬೆಳಗಿನಲ್ಲಿ ಕಣ್ಣು ತೆರೆದರೆ ಕೈಕಾಲು ಅಲುಗುತ್ತಿರಲಿಲ್ಲವಂತೆ. ಎದೆಯ ಮೇಲೆ ಯಾರೋ ಕುಂತ ಹಾಗೆ, ಬಾಗಿಲಲ್ಲಿ ಯಾರೋ ನಿಂತ ಹಾಗೆ. ಕೂಗಬೇಕೆಂದರೆ ದನಿ ಬರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಜೋರಾಗಿ ನಗು ಬಂದರೆ ಅವನ ಮೊಣಕಾಲಿನ ಕಸುವು ಹೋಗಿಬಿಡುತ್ತಿತ್ತು. ಗೋಣು ಕೆಳಗೆ, ಕೈ ಜೋಲು, ಆಳು ನೆಲಕ್ಕೆ. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಆದರೆ ಮೈ ತನ್ನದಲ್ಲ. ಚಣ ಹೊತ್ತು ಹಾಗೆ ಬಿದ್ದಿದ್ದು ಎದ್ದು ಕೂರುತ್ತಿದ್ದ. ಹೇಳಿದರೆ ಮೂರ್ಛೆ ರೋಗ ಅಂದಾರು, ಕೊಪ್ಪರಿಗೆಯ ಹತ್ತಿರ ನಿಲ್ಲಗೊಡಲಿಕ್ಕಿಲ್ಲ ಅಂತ ಅವನಿಗೆ ಅಂಜಿಕೆ. ಅದಕ್ಕೇ ಅವನು ನಗುವುದನ್ನೇ ಬಿಟ್ಟ. ನಾಲ್ಕು ಮಂದಿ ಕೂಡಿ ಹರಟೆ ಹೊಡೆಯುವಲ್ಲಿ ನಿಲ್ಲುತ್ತಿರಲಿಲ್ಲ. ಮಗಳು ಲಕ್ಕವ್ವ ತೊದಲು ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದರೆ ಇವನು ಮಾರಿ ತಿರುವಿ ಹೊರಗೆ ಹೋಗುತ್ತಿದ್ದ.

ಕಾಶೆವ್ವ ಒಮ್ಮೆ ನನ್ನ ಮುಂದೆ ಕಣ್ಣೀರು ಹಾಕಿದಳು. "ಅಣ್ಣಾ, ಹೊಡ್ಯಾಂಗಿಲ್ಲ, ಬಡ್ಯಾಂಗಿಲ್ಲ. ಆದ್ರ ನನ್ನ ಜೋಡಿ ಒಂದಿನ ನಕ್ಕಿಲ್ಲ. ನಾ ಏನ್ ತಪ್ಪ ಮಾಡೇನಿ?"

ಇನ್ನು ಕುಡುಕ ಅನ್ನುವ ಹೆಸರು ಹೇಗೆ ಬಂತು, ಅದನ್ನೂ ಹೇಳುತ್ತೇನೆ. ನಮ್ಮ ಕಡೆ ಗಾಣದಲ್ಲಿ ಒಂದು ರೂಢಿ ಇದೆ. ಹದ ನೋಡುವವ "ಇಳಸ್ರಿ" ಅಂದ ಕೂಡಲೆ ಆಳುಗಳು ಕೊಪ್ಪರಿಗೆಯ ಬಳೆಗಳಿಗೆ ಬೊಂಬು ಹಾಕಿ ಎತ್ತುತ್ತಾರೆ. ಎಲ್ಲರ ಕಸುವು ಒಟ್ಟಿಗೆ ಬೀಳಬೇಕಲ್ಲ, ಅದಕ್ಕೆ ಬಾಯಿಬಡಕ ಒಬ್ಬ ಒಂದು ಪೋಲಿ ಮಾತು ಎಸೆಯುತ್ತಾನೆ. ಉಳಿದವರು ಹೋ ಎಂದು ನಕ್ಕು ಒಂದೇ ಉಸಿರಿಗೆ ಎತ್ತುತ್ತಾರೆ. ಆ ಪೋಲಿ ಮಾತು ಕಿವಿಗೆ ಬಿದ್ದರೆ ತಾನು ಕುದಿಯುವ ಪಾಕದ ಬಾಜೂವೇ ಬಿದ್ದೇನು ಅಂತ ಅಣ್ಣಪ್ಪ "ಇಳಸ್ರಿ" ಅಂದವನೇ ರವದಿಯ ಬಣವೆಯ ಹಿಂದೆ ಓಡುತ್ತಿದ್ದ. ರವದಿ ಅಂದರೆ ಕಬ್ಬಿನ ಒಣ ಎಲೆ. ಅಲ್ಲಿ ಕುಳಿತಲ್ಲೇ ನಿದ್ದೆ. ಎಬ್ಬಿಸಿ ಕರೆತಂದರೆ ಕೆಂಪು ಕಣ್ಣು, ತಡವರಿಸುವ ನಾಲಿಗೆ.

ಆಗ ನಾವು ಇನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಸ್ವಾತಂತ್ರ್ಯ ಬಂದು ಕೆಲವು ವರ್ಷಕ್ಕೆ ಸರಕಾರ ದಾರೂಬಂದಿ ಮಾಡಿತ್ತು. ಕುಡಿಯುವುದು ನಿಂತಿತೆ? ಬಯಲಲ್ಲಿ ಕುಡಿಯುವವರು ಮರೆಯಲ್ಲಿ ಕುಡಿಯತೊಡಗಿದರು, ಅಷ್ಟೆ. ಹಾಗಾಗಿ ಮರೆಗೆ ಹೋಗಿ ಬಂದವನೆಲ್ಲ ಕುಡುಕನೇ ಅಂತ ಮಂದಿ ಲೆಕ್ಕ ಹಾಕಿಬಿಡುತ್ತಿತ್ತು. "ಅಣ್ಣಪ್ಪ ಬಣವಿ ಹಿಂದ ಗಡಿಗಿ ಇಟ್ಟಾನ" ಅನ್ನುವ ಮಾತು ಕೊಣ್ಣೂರಿನಿಂದ ಹೊರಟು, ಹುಕ್ಕೇರಿ ಸೀಮೆಯ ನಮ್ಮ ಊರಿಗೆ ಬಂದು ಮುಟ್ಟಿತು.

ನಮ್ಮಪ್ಪ ಮುರಿಗೆಪ್ಪ ಲಿಂಗಪೂಜೆ ಆಗದೆ ಹನಿ ನೀರು ಕುಡಿಯದವ. ಒಮ್ಮೆ ಅಂದದ್ದನ್ನು ತಿರುಗಿಸುವವನಲ್ಲ. ಕಟ್ಟೆಯ ಮೇಲೆ ಮಂದಿಯ ಮುಂದೆಯೇ ಹೇಳಿಬಿಟ್ಟ. "ಸೆರಿ ಕುಡ್ಯಾವನ ಮನ್ಯಾಗ ನನ್ನ ಮಗಳು ಒಲಿ ಹಚ್ಚಾಂಗಿಲ್ಲ. ಈ ಸಲದ ಗಾಣ ಮುಗಿಯೂದ್ರಾಗ ಬಂಡಿ ಕಟಗೊಂಡ ಹೋಗಿ, ಮಗಳನ್ನ ಮೊಮ್ಮಗಳನ್ನ ಕರಕೊಂಡ ಬರ್ತೇನಿ. ಮುಗೀತು."

"ಏನ್ ಮುಗೀತು?" ಅಂತ ನಾನು ಎದ್ದುನಿಂತೆ. "ನೀ ಅವನ ಬಾಯಿ ಮೂಸಿ ನೋಡಿಯೇನು? ನಾ ನೋಡೇನಿ."

"ನಿನ್ನ ಮೂಗು ಯಾವಾಗ್ಲೂ ಸಿಟ್ಟಿಲೆ ಕಟ್ಟಿರತೈತಿ. ನಿನಗೇನ್ ವಾಸನಿ ಹತ್ತತೈತಿ, ಕುಂದ್ರು."

ಮಂದಿ ನಕ್ಕಿತು. ನಾನು ಕೂರಲಿಲ್ಲ.

ಸುದ್ದಿ ತಿಳಿದು ಅಣ್ಣಪ್ಪ ತಾನೇ ನಮ್ಮ ಊರಿಗೆ ಬಂದ. ಅಪ್ಪ ಅವನಿಗೆ "ಬಾ" ಅನ್ನಲಿಲ್ಲ, ಒಳಗೆ ಹೋಗಿ ಕುಳಿತ. ಅಣ್ಣಪ್ಪ ಹೊಸ್ತಿಲ ಹೊರಗೆ ನಿಂತು, "ಮಾವಾರ, ನಾ ಸೆರಿ ಮುಟ್ಟಿಲ್ರಿ. ಇಷ್ಟಲಿಂಗದ ಆಣಿ" ಅಂದ. ಒಳಗಿಂದ ಬರೀ ಕೆಮ್ಮು ಬಂತು. ಅವತ್ತು ಹುಕ್ಕೇರಿ ಸಂತೆ. ಅಪ್ಪನ ಸಿಟ್ಟು ಇಳಿಯಲಿ ಅಂತ ನಾನು ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ಸಂತೆಗೆ ಹೋದೆ. ಎತ್ತಿಗೆ ಹಗ್ಗವೂ ಬೇಕಾಗಿತ್ತು.

ಹಗ್ಗದವನ ಮುಂದೆ ಒಬ್ಬ ಮುದುಕಿ ಚೌಕಾಶಿಗೆ ಕುಳಿತಿದ್ದಳು. ಹಗ್ಗದವನು ತೋಳು ಏರಿಸಿ, "ಅಜ್ಜೀ, ಈ ಹಗ್ಗ ಹರೀತಂದ್ರ ನಿನ್ನ ಎತ್ತ ತಂದು ನನ್ನ ಮನ್ಯಾಗ ಕಟ್ಟು" ಅಂದ.

ಮುದುಕಿ ಹಗ್ಗ ಹಿಂಜಿ ನೋಡುತ್ತ, "ತಂದ ಕಟ್ಟಾಕ ನಿನ್ನ ಮನ್ಯಾಗ ಬ್ಯಾರೆ ಹಗ್ಗ ಐತೇನೋ, ಇಲ್ಲಾ ಇದನ್ನ ಹಾಕ್ತಿ?" ಅಂದಳು.

ನಾನು ನಕ್ಕೆ. ಬಾಜೂ ನೋಡಿದರೆ ಅಣ್ಣಪ್ಪ ಇಲ್ಲ. ಹಗ್ಗದ ಸುರುಳಿಗಳ ಮೇಲೆ ಬಿದ್ದಿದ್ದಾನೆ! ಮಂದಿ ಮುತ್ತಿತು. "ಮೂರ್ಛಿ ಬಂದೈತಿ" ಅಂತ ಒಬ್ಬ ಕೈಯಲ್ಲಿ ಬೀಗದ ಕೈ ಒತ್ತಿದ, ಇನ್ನೊಬ್ಬ ಉಳ್ಳಾಗಡ್ಡಿ ಜಜ್ಜಿ ಮೂಗು ಬಾಯಿಗೆಲ್ಲ ತಿಕ್ಕಿದ. ಅಷ್ಟರಲ್ಲಿ ಸಂತೆಯ ಬಂದೋಬಸ್ತಿಗೆ ಬಂದಿದ್ದ ಹವಾಲ್ದಾರನೊಬ್ಬ ಮಂದಿಯನ್ನು ಸೀಳಿಕೊಂಡು ಬಂದ. ಅಣ್ಣಪ್ಪ ಆಗಲೇ ಎದ್ದು ಕುಳಿತು ಧೂಳು ಝಾಡಿಸಿಕೊಳ್ಳುತ್ತಿದ್ದ.

"ಹಗಲ ಹೊತ್ತಿನ್ಯಾಗ ಏರಿಸಿದಿ?" ಅಂತ ಹವಾಲ್ದಾರ ರಟ್ಟೆ ಹಿಡಿದ.

"ಅವನ ಕೈ ಬಿಡ್ರಿ" ಅಂದೆ ನಾನು.

"ನೀ ಯಾರಲೇ?"

"ಅವನ ಹೆಂಡತಿ ಅಣ್ಣ. ನಿಮ್ಮ ಅಧಿಕಾರ ನಿಮ್ಮಲ್ಲಿ ಇರ್ಲಿ, ಬಾಯಿ ಹಿಡದ ಮಾತಾಡ್ರಿ."

ಸರಿ, ನನ್ನನ್ನೂ ಜೊತೆಗೆ ನಡೆಸಿದ. ದಾರೂಬಂದಿಯ ಕಾಯದೆಯಲ್ಲಿ ಹಿಡಿದವನನ್ನು ಮೊದಲು ಸರಕಾರಿ ಡಾಕ್ಟರಿಗೆ ತೋರಿಸಬೇಕು. ಕುಡಿದಿದ್ದಾನೋ ಇಲ್ಲವೋ ಅಂತ ಡಾಕ್ಟರು ಹೇಳಬೇಕು. ಹಾಗೆ ನಾವು ಹುಕ್ಕೇರಿಯ ದವಾಖಾನೆ ಮುಟ್ಟಿದೆವು. ಆ ಹವಾಲ್ದಾರ ಅವತ್ತು ತಪ್ಪು ತಿಳಿದದ್ದೇ ನಮ್ಮ ಪುಣ್ಯ ಅಂತ ಈಗ ಅನ್ನುತ್ತೇನೆ. ಅವತ್ತು ಅನ್ನಲಿಲ್ಲ.

ಡಾಕ್ಟರ ಭೀಮರಾಯರು ಧಾರವಾಡದ ಕಡೆಯವರು, ಮುಂಬಯಿಯಲ್ಲಿ ಕಲಿತು ಬಂದವರು. ಸಾವಕಾಶದ ಮನುಷ್ಯ. ಅಣ್ಣಪ್ಪನ ಕಣ್ಣಿನ ಬೊಂಬೆ ನೋಡಿದರು, ನೆಲದ ಗೆರೆಯ ಮೇಲೆ ನಡೆಸಿದರು. ಅಣ್ಣಪ್ಪ ನೆಟ್ಟಗೆ ನಡೆದ. ಬಾಯಿ ಮೂಸಿ, "ಉಳ್ಳಾಗಡ್ಡಿ ವಾಸನಿ ಅದ" ಅಂದರು.

"ಅದ ನೋಡ್ರಿ ಸಾಹೇಬ್ರ, ಗುಟ್ಟು!" ಅಂದ ಹವಾಲ್ದಾರ. "ಸೆರಿ ವಾಸನಿ ಮುಚ್ಚಾಕ ಉಳ್ಳಾಗಡ್ಡಿ ತಿಂತಾರ."

ಡಾಕ್ಟರು ಅಣ್ಣಪ್ಪನನ್ನು ಸ್ಟೂಲಿನ ಮೇಲೆ ಕೂಡಿಸಿ ಊರು, ಕೆಲಸ ಕೇಳತೊಡಗಿದರು. ಮೂಡಲಗಿ ಅನ್ನುವಷ್ಟರಲ್ಲಿ ಅವನ ಕಣ್ಣು ಮುಚ್ಚಿದವು. ಹವಾಲ್ದಾರ ಹುಬ್ಬು ಹಾರಿಸಿದ. ಡಾಕ್ಟರು ಎಬ್ಬಿಸಿ, "ದಿನಾ ಹಿಂಗ ಆಗತದೇನು?" ಅಂತ ಕೇಳಿದರು. ಅಣ್ಣಪ್ಪ ತಲೆ ತಗ್ಗಿಸಿ ಹೂಂ ಅಂದ.

"ಸಾಹೇಬ್ರ, ಬರದ ಬಿಡ್ರಿ, ಕುಡದಾನ ಅಂತ" ಅಂದ ಹವಾಲ್ದಾರ.

ನನಗೆ ತಡೆಯಲಿಲ್ಲ. "ಉಳ್ಳಾಗಡ್ಡಿ ವಾಸನಿ ಬಂದಾವ್ರನ್ನೆಲ್ಲಾ ಹಿಡಿಯೂದಾದ್ರ ಇಡೀ ಸಂತಿಗೆ ಬೇಡಿ ಹಾಕ್ರಿ. ರೊಟ್ಟಿ ಜೋಡಿ ಉಳ್ಳಾಗಡ್ಡಿ ಕಚ್ಚಲಾರದಾವ ನಮ್ಮ ಸೀಮ್ಯಾಗ ಯಾರದಾನ? ಡಾಕ್ಟರ ಸಾಹೇಬ್ರ, ಮೊದಲ ಈ ಹವಾಲ್ದಾರ ಸಾಹೇಬ್ರ ಬಾಯಿ ಮೂಸ್ರಿ!"

ಡಾಕ್ಟರು ತಮಗೆ ಅರಿವಿಲ್ಲದೇ ಆ ಕಡೆ ಮೂಗು ತಿರುಗಿಸಿ, "ಹೌದ್ರಿ ಹವಾಲ್ದಾರ, ನಿಮ್ಮದೂ ಅದ" ಅಂದರು. ಹವಾಲ್ದಾರ ತಟ್ಟನೆ ಬಾಯಿ ಮುಚ್ಚಿಕೊಂಡ.

ಅಣ್ಣಪ್ಪನಿಗೆ ನಗು ತಡೆಯಲಿಲ್ಲ. ಮುಖ ಅರಳಿತು, ದವಡೆ ಜೋತುಬಿತ್ತು, ಗೋಣು ಎದೆಗೆ ಬಂತು, ಸ್ಟೂಲಿನಿಂದ ಜಾರಿದ. ನಾನು ಹಿಡಿಯಲು ಹೋದರೆ ಡಾಕ್ಟರು "ತಡೀರಿ" ಅಂದರು. ರಬ್ಬರಿನ ಸಣ್ಣ ಸುತ್ತಿಗೆ ತಂದು ಅವನ ಮೊಣಕಾಲ ಕೆಳಗೆ ಹೊಡೆದರು. ಕಾಲು ಅಲುಗಲಿಲ್ಲ. ರೆಪ್ಪೆ ಎತ್ತಿ ನೋಡಿದರು. ಆಮೇಲೆ ಅವನ ಕಿವಿಯ ಹತ್ತಿರ ಬಾಗಿ, "ನಮ್ಮ ಮನ್ಯಾಗ ಇವತ್ತ ಬದನಿಕಾಯಿ ಎಣ್ಣಿಗಾಯಿ ಮಾಡ್ಯಾರ" ಅಂದರು. ಡಾಕ್ಟರಿಗೇ ತಲೆ ಕೆಟ್ಟಿದೆ ಅಂದುಕೊಂಡೆ ನಾನು.

ಚಣ ಹೊತ್ತಿಗೆ ಅಣ್ಣಪ್ಪ ಎದ್ದು ಕುಳಿತ. ಮತ್ತೆ ಸುತ್ತಿಗೆ ಹೊಡೆದರು. ಈಗ ಕಾಲು ಜಾಡಿಸಿ ಒದೆಯಿತು.

"ನೀವು ಬಿದ್ದಾಗ ನಾ ಏನಂದೆ?"

"ಮನ್ಯಾಗ ಎಣ್ಣಿಗಾಯಿ ಮಾಡ್ಯಾರ ಅಂದ್ರಿ" ಅಂದ ಅಣ್ಣಪ್ಪ.

ಡಾಕ್ಟರು ಕುರ್ಚಿಗೆ ಒರಗಿದರು. "ಹವಾಲ್ದಾರ, ಈ ಮನುಷ್ಯಾ ಕುಡದಿಲ್ಲ. ಇದು ಮೂರ್ಛಿನೂ ಅಲ್ಲ, ಮೂರ್ಛಿ ಬಿದ್ದಾವಗ ಮಾತು ಕೇಳಸೂದಿಲ್ಲ. ಇದು ನಿದ್ದಿ ರೋಗ. ನೀವು ಹೋಗಿಬರ್ರಿ."

ಹವಾಲ್ದಾರ ಟೊಪ್ಪಿಗೆ ಸರಿಮಾಡಿಕೊಂಡು, "ಹಿಂಗೂ ಒಂದು ರೋಗ ಇರತೈತೇನ್ರಿ?" ಅಂದ. ಬಾಗಿಲು ದಾಟಿದವನು ತಿರುಗಿ ಬಂದು ಅಣ್ಣಪ್ಪನಿಗೆ, "ತಮ್ಮಾ, ಗುಣ ಮಾಡ್ಕೋ" ಅಂತ ಹೇಳಿ ಹೋದ. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಆ ರೋಗಕ್ಕೆ ನಾರ್ಕೋಲೆಪ್ಸಿ ಅಂತ ಹೆಸರಂತೆ. ನನ್ನ ನಾಲಿಗೆಗೆ ಅದು ಇನ್ನೂ ಹೊರಳುವುದಿಲ್ಲ. ನಾವು ಹಗಲುನಿದ್ದೆ ರೋಗ ಅನ್ನುತ್ತೇವೆ. ಡಾಕ್ಟರು ಬಿಡಿಸಿ ಹೇಳಿದರು: ಎಚ್ಚರ ಮತ್ತು ನಿದ್ದೆಯ ನಡುವೆ ಮೆದುಳಿನಲ್ಲಿ ಒಂದು ಬಾಗಿಲಿದೆ ಅಂತ ತಿಳಿಯಿರಿ. ಇವನದು ಅಗಳಿ ಸಡಿಲಾದ ಬಾಗಿಲು. ಹಗಲು ಹೊತ್ತು ನಿದ್ದೆ ನುಗ್ಗಿಬರುತ್ತದೆ. ನಿದ್ದೆಯಲ್ಲಿ ಎಲ್ಲರ ಮೈಯೂ ಸಡಿಲಾಗುತ್ತದೆ. ಇವನಿಗೆ ಎಚ್ಚರಿದ್ದಾಗಲೇ, ನಗು ಬಂದರೆ ಮೈ ಸಡಿಲಾಗಿಬಿಡುತ್ತದೆ. ಬೆಳಗಿನಲ್ಲಿ ಎದೆಯ ಮೇಲೆ ಕೂರುವುದು ದೆವ್ವವಲ್ಲ, ಕನಸು ಮುಗಿಯುವ ಮೊದಲೇ ಕಣ್ಣು ತೆರೆದದ್ದು, ಅಷ್ಟೆ.

"ಯಾಕ ಬರತೈತ್ರಿ ಇದು?" ಅಂತ ಕೇಳಿದೆ.

"ಇನ್ನೂ ಯಾರಿಗೂ ಪೂರಾ ತಿಳದಿಲ್ಲ. ಮೈಗಳ್ಳತನ ಅಲ್ಲ ಅನ್ನೂದು ಖರೆ."

"ಹೋಗತೈತೇನ್ರಿ?"

"ಬೇರಸಹಿತ ಹೋಗೂದಿಲ್ಲ. ಹತೋಟಿಗೆ ಬರತದ."

ಹೋಗೂದಿಲ್ಲ ಅಂದಾಗ ನನಗೆ ಸಿಟ್ಟು ಬಂತು, ಆದರೆ ಸುಳ್ಳು ಹೇಳದ ಡಾಕ್ಟರ ಮೇಲೆ ಎಷ್ಟು ಹೊತ್ತು ಸಿಟ್ಟಾಗುವುದು? ಅವರು ಇನ್ನೊಂದು ಮಾತೂ ಹೇಳಿದರು. ನಿದ್ದೆಯ ರೋಗ ಇದೊಂದೇ ಅಲ್ಲ. ಕೆಲವರಿಗೆ ತಿಂಗಳುಗಟ್ಟಲೆ ನಿದ್ದೆಯೇ ಹತ್ತುವುದಿಲ್ಲ, ಕೆಲವರು ನಿದ್ದೆಯಲ್ಲೇ ಎದ್ದು ನಡೆಯುತ್ತಾರೆ, ಕೂಗುತ್ತಾರೆ. ನಮ್ಮ ಮಂದಿ ತಾಯತದ ಚೀಟಿ ಕಟ್ಟಿಸುತ್ತಾರೆ, ದವಾಖಾನೆಗೆ ಬರುವುದಿಲ್ಲ. ಹೊಟ್ಟೆ ನೋವು ಬಂದರೆ ಬರುತ್ತಾರಲ್ಲ, ನಿದ್ದೆ ಕೆಟ್ಟರೆ ಯಾಕೆ ಬರಬಾರದು? ಅಂತ.

ಪಕ್ಕಾ ಮಾಡಿಕೊಳ್ಳಲಿಕ್ಕೆ ಮಿರಜದ ದೊಡ್ಡ ದವಾಖಾನೆಗೆ ಕಳಿಸಿದರು. ಘಟಪ್ರಭಾ ಸ್ಟೇಶನ್ನಿನಿಂದ ರೇಲ್ವೆ ಹತ್ತಿ ಮೂವರೂ ಹೋದೆವು. ಕಾಶೆವ್ವ ನಾನೂ ಬರುತ್ತೇನೆ ಅಂತ ಹಟ ಹಿಡಿದಿದ್ದಳು. ಅಲ್ಲಿ ರಕ್ತ, ಮೂತ್ರ, ಕಣ್ಣು, ತಲೆ ಎಲ್ಲ ನೋಡಿದರು. ಬೇರೆ ರೋಗ ಯಾವುದೂ ಇಲ್ಲ, ಹುಕ್ಕೇರಿಯ ಡಾಕ್ಟರು ಹೇಳಿದ್ದೇ ಸರಿ ಅಂದರು. ಅಲ್ಲಿನ ಡಾಕ್ಟರು ಪ್ರಶ್ನೆ ಕೇಳುತ್ತಿದ್ದಾಗಲೇ ನಗುವಿನ ವಿಷಯ ಕಾಶೆವ್ವನಿಗೆ ಗೊತ್ತಾಯಿತು. ಹೊರಗೆ ಬಂದವಳೇ ಗಂಡನ ಬೆನ್ನಿಗೆ ಒಂದು ಗುದ್ದಿದಳು.

"ಇಷ್ಟ ವರ್ಷ ಹೇಳಾಕ ಬಾಯಿ ಇರಲಿಲ್ಲೇನು? ನಾ ನಿನಗ ಸೇರೂದಿಲ್ಲ ಅಂತ ತಿಳಕೊಂಡಿದ್ನಿ!"

"ಹುಚ್ಚ ಅಂದೀ ಅಂತ ಅಂಜಿದೆ" ಅಂದ ಅಣ್ಣಪ್ಪ.

"ಈಗ ಅಂತೇನಿ ನೋಡು, ಹುಚ್ಚ!"

ಔಷಧ ಅಂತ ಕೊಟ್ಟದ್ದು ದಮ್ಮಿನವರು, ಅಂದರೆ ಉಬ್ಬಸದವರು, ತಗೊಳ್ಳುವ ಎಫೆಡ್ರಿನ್ ಗುಳಿಗೆ. ಅದು ಎಚ್ಚರವನ್ನೂ ಹಿಡಿದಿಡುತ್ತದಂತೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಮಾತ್ರ ಬೇಡ. ಮೊದಮೊದಲು ಎದೆ ಡವಡವ ಅಂದಿತು, ಕೈ ನಡುಗಿತು. ಊರವರು "ಬಿಟ್ಟ ಬಿಡು" ಅಂದರು. ನಾನು ಬಿಡಿಸಲಿಲ್ಲ, ಮತ್ತೆ ಹುಕ್ಕೇರಿಗೆ ಎಳೆದುಕೊಂಡು ಹೋದೆ. ಡಾಕ್ಟರು ಗುಳಿಗೆಯನ್ನು ಅರ್ಧ ಮಾಡಿ, ನಾಡಿ ನೋಡಿ, ಸಾವಕಾಶ ಏರಿಸಿದರು. ಇಷ್ಟೇ ಅಲ್ಲ, ಗುಳಿಗೆಗಿಂತ ದೊಡ್ಡದು ನೇಮದ ನಿದ್ದೆ ಅಂದರು. ನಿದ್ದೆ ಬಂದು ಬೀಳಿಸುವ ಮೊದಲೇ ನೀನಾಗಿ ಹೋಗಿ ಮಲಗು. ನಗು ಬಂದರೆ ಮೊದಲು ಕುಳಿತುಕೊ. ಕುದಿಯುವ ಕೊಪ್ಪರಿಗೆಯಿಂದ ಒಂದು ಆಳುದ್ದ ದೂರ ನಿಲ್ಲು, ಹನಿಯನ್ನು ಉದ್ದ ಹಿಡಿಕೆಯ ಹುಟ್ಟಿನಲ್ಲಿ ಬೇರೆಯವರು ತಂದುಕೊಡಲಿ.

ನಾನೇ ಗಾಣಕ್ಕೆ ಹೋಗಿ ಆಳುಗಳನ್ನೆಲ್ಲ ನಿಲ್ಲಿಸಿ ಹೇಳಿದೆ. "ಇವತ್ತಿನಿಂದ ಕೊಪ್ಪರಿಗಿ ಎತ್ತುವಾಗ ಪೋಲಿ ಮಾತ ಬಂದ್. ಆಡಿದಾವನ ಹಲ್ಲ ಉದುರಸ್ತೇನಿ."

ಉದ್ದಪ್ಪ ಅಂತ ಒಬ್ಬ, ಆ ಮಾತು ಎಸೆಯುವವನೇ ಅವನು, "ಹಂಗಾರ ಎತ್ತೂದ ಹೆಂಗ್ರಿ? ಭಜನಿ ಹೇಳಬೇಕೇನು?" ಅಂದ.

"ನನ್ನ ಹೆಸರ ಹೇಳಿ ಬೈದು ಎತ್ರಿ."

ಅವರು ಖರೆನೇ ಹಾಗೆ ಮಾಡಿದರು. "ಏ ಲಗಮಪ್ಪಾ, ಹೈಸಾ!" ಅಂತ ಕೂಗಿ ಎತ್ತುವುದು ಆ ಗಾಣದಲ್ಲಿ ರೂಢಿಯೇ ಆಯಿತು. ಈಗ ಗಾಣಕ್ಕೆ ಎಂಜಿನ್ ಬಂದಿದೆ, ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೇವೆ, ಹಿಡಕಲ್ಲಿನಲ್ಲಿ ಆಣೆಕಟ್ಟಿನ ಮಾತು ನಡೆದಿದೆ. ನನ್ನ ಹೆಸರು ಮಾತ್ರ ಆ ಕೊಪ್ಪರಿಗೆಯಿಂದ ಇಳಿದಿಲ್ಲ.

ಇಷ್ಟೆಲ್ಲ ಆದರೂ ಅಪ್ಪ ಕರಗಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಹೇಳಿದರೆ, "ಕುಡುಕರಿಗೆ ಈಗ ರೋಗದ ಹೆಸರು ಬ್ಯಾರೆ ಇಟ್ಟಾರೇನು?" ಅಂದ. ಆ ವರ್ಷದ ಗಾಣ ಮುಗಿಯಲಿಕ್ಕೆ ಬಂದಿತ್ತು. ಒಂದು ಮುಂಜಾನೆ ಬಂಡಿ ಕಟ್ಟಿಸಿಯೇಬಿಟ್ಟ. ನಾನೂ ಹಾರಿ ಹತ್ತಿದೆ.

"ನೀ ಯಾಕ?"

"ನಿನ್ನ ಬಂಡಿ ತಿರುಗಿಸಿ ತರಾಕ."

ಕೊಣ್ಣೂರ ಮನೆಯಲ್ಲಿ ಕಾಶೆವ್ವ ಅಪ್ಪನಿಗೆ ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಹಾಕಿದಳು. ಊಟವಾದ ಮೇಲೆ ಅಪ್ಪ, "ಅರಿವಿ ಕಟ್ಟಿಕೊ, ನಡಿ" ಅಂದ.

"ಬರ್ತೇನಿ ಅಪ್ಪಾ" ಅಂದಳು ಅವಳು. "ಆದ್ರ ಮೊದಲ ಗಾಣಕ್ಕ ಹೋಗು. ಒಂದು ಕೊಪ್ಪರಿಗಿ ಒಲಿಗೆ ಏರಿ ಇಳಿಯೂತನಕ ಕುಂತು ನೋಡು. ಅವ ಕುಡದದ್ದು ಕಣ್ಣಿಲೆ ಕಂಡ್ರ ನಾನಽ ಬಂಡಿ ಹತ್ತತೇನಿ. ಕಾಣಲಿಲ್ಲಂದ್ರ ಮತ್ತೊಮ್ಮಿ ನನ್ನ ಮನಿ ಮುರಿಯೂ ಮಾತ ಎತ್ತಬ್ಯಾಡ."

ಅಪ್ಪ ಕೋಲು ಊರಿಕೊಂಡು ಗಾಣಕ್ಕೆ ನಡೆದ. ಹಿಂದಿನಿಂದ ನಾನು, ಕಾಶೆವ್ವ.

ಕೊಪ್ಪರಿಗೆಗೆ ಹೊಸ ಹಾಲು ಹಾಕಿ ಉರಿ ಕೊಟ್ಟಿದ್ದರು. ಅಪ್ಪ ಎದುರಿಗೇ ಗೋಣಿಚೀಲದ ಮೇಲೆ ಕುಳಿತು ಅಣ್ಣಪ್ಪನನ್ನು ದನದ ವ್ಯಾಪಾರಿ ದನ ನೋಡುವ ಹಾಗೆ ನೋಡತೊಡಗಿದ. ಅಣ್ಣಪ್ಪ ನೀರು ಕುಡಿದು ಗುಳಿಗೆ ನುಂಗಿದ.

"ಏನದು?"

"ದಮ್ಮಿನ ಗುಳಿಗಿ ರಿ, ಮಾವಾರ."

"ನಿನಗೆಲ್ಲಿ ದಮ್ಮೈತಿ? ದಮ್ಮಿದ್ದಿದ್ರ ನನ್ನ ಮುಂದ ನಿಂತ ಮಾತಾಡತಿದ್ದಿ."

ಹಾಲಿನ ಮೇಲಿನ ಹೊಲಸು ತೆಗೆದಾದ ಮೇಲೆ ಪಾಕ ಬರುವವರೆಗೆ ಬಿಡುವಿರುತ್ತದೆ. ಅಣ್ಣಪ್ಪ ನೇಮದಂತೆ ಹೋಗಿ ಚಾಪೆಯ ಮೇಲೆ ಮಲಗಿದ. ಅಪ್ಪ ನನ್ನ ಪಕ್ಕೆಗೆ ತಿವಿದು, "ನೋಡು, ಬಿತ್ತು ಹೆಣ" ಅಂದ. ತುಸು ಹೊತ್ತಿಗೆ ಅಣ್ಣಪ್ಪ ಎದ್ದ. ಮುಖ ತೊಳೆದ. ಕಣ್ಣು ತಿಳಿಯಾಗಿದ್ದವು. ಹುಟ್ಟಿನಲ್ಲಿ ತಂದ ಹನಿ ನೋಡಿದ, ಬೇಡ ಅಂದ. ಮತ್ತೆ ನೋಡಿದ, ಬೇಡ ಅಂದ. ಮೂರನೆಯ ಸಲ ಉಂಡೆ ಬೆರಳಲ್ಲಿ ತಿರುಗಿಸಿ, "ಇಳಸ್ರಿ" ಅಂದ.

"ಏ ಲಗಮಪ್ಪಾ, ಹೈಸಾ!"

ಅಪ್ಪ ನನ್ನ ಮುಖ ನೋಡಿದ. ಕೊಪ್ಪರಿಗೆ ಇಳಿಯಿತು, ಪಾಕ ತೊಟ್ಟಿಗೆ ಬಿತ್ತು, ಬಂಗಾರದ ಬಣ್ಣ. ಅಣ್ಣಪ್ಪ ಎಲ್ಲಿಯೂ ಓಡಲಿಲ್ಲ. ಅಪ್ಪನಿಗೆ ಇನ್ನೂ ಒಂದು ಸಂಶಯ ಉಳಿದಿತ್ತು. ಎದ್ದು ಸೀದಾ ರವದಿಯ ಬಣವೆಯ ಹಿಂದೆ ಹೋದ.

"ಸಿಕ್ತು!" ಅಂತ ಕೂಗು ಬಂತು. ಎರಡೂ ಕೈಯಲ್ಲಿ ಒಂದು ಗಡಿಗೆ ಎತ್ತಿಕೊಂಡು ಬಂದ. ಬಾಯಿಗೆ ಅರಿವೆ ಕಟ್ಟಿತ್ತು. "ಗಡಿಗಿ ಇಟ್ಟಾನ ಅಂದ್ರ ನನ್ನ ಬಾಯಿ ಮುಚ್ಚಸ್ತಿದ್ದಿ ಅಲ್ಲಲೇ ಲಗಮ್ಯಾ? ಇದೇನು?"

"ಮಾವಾರ, ಅದು..." ಅಂತ ಅಣ್ಣಪ್ಪ ಕೈ ಚಾಚಿದ.

"ಸುಮ್ನಿರು! ನಾನಽ ನೋಡ್ತೇನಿ." ಅರಿವೆ ಸರಿಸಿ, ಮೂಸಿ, ಗೊತ್ತಾಗದೆ, ಗಡಿಗೆಯನ್ನೇ ಎತ್ತಿ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ.

ಅದು ಬೆಂಡೆಗಿಡ ಜಜ್ಜಿ ನೆನೆಹಾಕಿದ ಲೋಳೆ. ಕುದಿಯುವ ಹಾಲಿಗೆ ಹಾಕಿದರೆ ಹೊಲಸೆಲ್ಲ ಮೇಲೆ ಬರುತ್ತದೆ, ಎಲ್ಲ ಗಾಣದಲ್ಲೂ ಇರುತ್ತದೆ. ಎರಡು ದಿನದ ಹಳೆಯದು. ಅಪ್ಪ ಥೂ ಅಂದ, ಲೋಳೆ ಹೋಗಲಿಲ್ಲ. ಒರೆಸಿಕೊಂಡ, ಮೀಸೆಯಿಂದ ಕೈಗೆ, ಕೈಯಿಂದ ಮೀಸೆಗೆ ಎಳೆ ಎಳೆಯಾಗಿ ಜಗ್ಗಿತು.

"ಹೆಂಗೈತ್ರಿ ಮುತ್ಯಾ, ಕಡಕ್ ಐತೇನು?" ಅಂದ ಉದ್ದಪ್ಪ.

ಗಾಣವೆಲ್ಲ ಹೋ ಅಂದಿತು. ಕಾಶೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣಪ್ಪ ಕೂರಬೇಕು ಅನ್ನುವಷ್ಟರಲ್ಲಿ ನಗು ಅವನನ್ನು ಹಿಡಿದುಬಿಟ್ಟಿತು. ಮೊಣಕಾಲು ಮಡಚಿದವು. ನಾನು ಹಾರಿ ಹಿಡಿದು ರವದಿಯ ಮೇಲೆ ಮಲಗಿಸಿದೆ.

ಅಪ್ಪ ಗಡಿಗೆ ಬಿಟ್ಟು ಓಡಿಬಂದ. "ಏನಾತೋ? ಏ ಅಣ್ಣಪ್ಪಾ! ಸತ್ತಾನೇನೋ ಇವ?"

"ಇದಽ ಅಪ್ಪಾ ಅವನ ರೋಗ. ಅಂಜಬ್ಯಾಡ. ಮೂಸಿ ನೋಡು ಬೇಕಾದ್ರ. ಅವಗ ಎಲ್ಲಾ ಕೇಳಿಸ್ತೈತಿ."

ಅಪ್ಪ ಮೂಸಿ ನೋಡಿದ. ಅಳಿಯನ ಬಾಯಲ್ಲಿ ಕಬ್ಬಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ನಮ್ಮೆಲ್ಲರಿಗೆ ಬೆನ್ನು ತಿರುಗಿಸಿ, ಅವನ ಕಿವಿಗೆ ಬಾಯಿ ಹಚ್ಚಿ ಏನೋ ಅಂದ. ಬಾಜೂ ಕುಳಿತ ನನಗೂ ಕೇಳಿಸಲಿಲ್ಲ.

ಅಣ್ಣಪ್ಪನ ಬೆರಳು ಅಲುಗಿದವು, ಗೋಣು ಎದ್ದಿತು. ಎದ್ದು ಕುಳಿತು ಮಾವನ ಕೈ ಹಿಡಿದುಕೊಂಡ.

"ಖಾಲಿ ಬಂಡಿ ಹೊಡಕೊಂಡ ಯಾಕ ಹೋಗ್ತೀರಿ ಮಾವಾರ? ಬೆಲ್ಲ ಹೇರಿಕೊಂಡ ಹೋಗ್ರಿ."

ಅಪ್ಪ ಅವನ ಮುಖವನ್ನೇ ನೋಡಿದ. ತಾನು ಗುಟ್ಟಾಗಿ ಆಡಿದ್ದು ಇವನಿಗೆ ಮುಟ್ಟಿತ್ತು. ಆಮೇಲೆ ಮಗಳ ಕಡೆ ತಿರುಗಿ, "ಕಾಶೆವ್ವಾ, ನೀರ ಕೊಡವಾ, ಬಾಯಿ ತೊಳಕೊಂತೇನಿ" ಅಂದ.

ಬಂಡಿಗೆ ಹೊಸ ಬೆಲ್ಲದ ಪೆಂಟೆಗಳನ್ನು ಹೇರಿದೆವು. ಹೊತ್ತು ಇಳಿಯುವ ಮೊದಲೇ ಹೊರಟೆವು. ಗಾಣದ ಮುಂದೆ ಅಣ್ಣಪ್ಪ, ಅವನ ಬಾಜೂ ಕಾಶೆವ್ವ ನಿಂತಿದ್ದರು. ಬಂಡಿ ತಿರುಗುವಾಗ ಅಪ್ಪ ಮೀಸೆ ತಿಕ್ಕಿಕೊಳ್ಳುತ್ತ ಕೂಗಿ ಹೇಳಿದ:

"ಏ ಅಳಿಯಾ, ಇದು ಇನ್ನೂ ಹೋಗವಲ್ದೋ! ನಗಬ್ಯಾಡ ಮತ್ತ, ಬಿದ್ದಗಿದ್ದಿ!"

ನಾನು ತಿರುಗಿ ನೋಡಿದೆ. ಅಣ್ಣಪ್ಪ ಮೊದಲು ನೆಲಕ್ಕೆ ಕುಳಿತ. ಕಾಶೆವ್ವನೂ ಕುಳಿತಳು. ಆಮೇಲೆ ಇಬ್ಬರೂ ನಕ್ಕರು.